ಏಳೂವರೆಯ ಫೋನು

ನಿನ್ನೆ ಬೆಳಗಿನ ಜಾವ ನಮ್ಮ ವಸ್ತಿಯಿಂದ, ಅಂದರೆ ಈ ಸಣ್ಣ ಹಳ್ಳಿಯಿಂದ, ಕಬ್ಬು ಕಡಿಯುವ ಗ್ಯಾಂಗ್ ಹೊರಟಿತು. ಮೂರು ಟ್ರ್ಯಾಕ್ಟರ್, ಒಂದೊಂದಕ್ಕೆ ಎರಡೆರಡು ಟ್ರಾಲಿ. ಜೋಳದ ಚೀಲ, ಹಾಸಿಗೆ ಸುತ್ತು, ತಾಡಪಾಲು, ಬಿದಿರು, ಕೊಡ, ಬುಟ್ಟಿಯೊಳಗೆ ಕೋಳಿ, ಮೂಲೆಗೆ ಕಟ್ಟಿದ ಆಡು, ಎಲ್ಲದರ ಮೇಲೆ ಜನ. ಇನ್ನು ಯುಗಾದಿ ಹತ್ತಿರ ಬಂದಾಗಲೇ ಅವರು ವಾಪಸ್ ಬರುವುದು. ಇಲ್ಲಿಯ ಶಾಲೆಯ ಶಿಕ್ಷಕಿಯಾಗಿ ನಾನು ಇದನ್ನು ನೋಡುತ್ತಿರುವುದು ಏಳನೇ ಸಲ. ಮೊದಲ ಸಲ, 2019ರಲ್ಲಿ, ಆ ಟ್ರಾಲಿಗಳ ಮೇಲೆ ನಮ್ಮ ಶಾಲೆಯ 21 ಮಕ್ಕಳಿದ್ದರು. ನಿನ್ನೆ ಇಬ್ಬರಿದ್ದರು, ಅದರಲ್ಲಿ ಒಬ್ಬಳು ಇಲ್ಲಿ ಕಲಿತು ಹೈಸ್ಕೂಲಿಗೆ ಹೋದವಳು. ಆ ಇಬ್ಬರ ಮುಖ ನಿನ್ನೆಯಿಂದ ಕಣ್ಣಿಂದ ಸರಿಯುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ಭಾಗ. ವಿಜಯಪುರ ಹತ್ತಿರ, ಸಾಂಗಲಿ ದೂರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಪಕ್ಕದ ವಿಜಯಪುರ ಮೈಸೂರಿಗೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಜತ್ತವನ್ನೂ ನಮ್ಮ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಸೇರಿಸಿ ಅಂತ ವರದಿ ಕೊಟ್ಟಿತು, ಅದು ಜಾರಿಗೆ ಬರಲೇ ಇಲ್ಲ. ಈ ವಸ್ತಿಯಲ್ಲಿ ಆ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಇಲ್ಲಿ ಮಾತಾಡುವುದು ಒಂದೇ, ನೀರು. ನಾನು ಬಂದ ವರ್ಷ ಆಗಸ್ಟ್‌ನಲ್ಲಿ ಸಾಂಗಲಿ ಪಟ್ಟಣ ಕೃಷ್ಣೆಯ ನೆರೆಯಲ್ಲಿ ಮುಳುಗಿತ್ತು. ಜನರನ್ನು ದೋಣಿಯಲ್ಲಿ ಸಾಗಿಸುವುದನ್ನು ಟಿವಿಯಲ್ಲಿ ನೋಡಿದ್ದೆ. ಅದೇ ಜಿಲ್ಲೆಯ ಇನ್ನೊಂದು ತುದಿಯಾದ ಇಲ್ಲಿ ಜನ ಟ್ಯಾಂಕರ್ ಕಾಯುತ್ತಾ ಕೊಡ ಸಾಲಿಟ್ಟು ಕೂತಿದ್ದರು.

ನಾನು ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಕ್ಕಲಕೋಟೆ ಕಡೆಯವಳು, ಕನ್ನಡ ಶಾಲೆಯಲ್ಲೇ ಓದಿದವಳು. ಹುದ್ದೆ ಶಿಕ್ಷಣ ಸೇವಕಿ, ಅಂದರೆ ಮೊದಲ ಮೂರು ವರ್ಷ ಸಂಬಳ ಇಲ್ಲ, ಮಾನಧನ. ಆಗ ಅದು ತಿಂಗಳಿಗೆ 6,000 ರೂಪಾಯಿ. ಜಿಲ್ಲಾ ಪರಿಷತ್ ಕನ್ನಡ ಶಾಲೆ, ಒಂದರಿಂದ ನಾಲ್ಕು, ಎರಡು ಕೋಣೆ, ಹಾಜರಿ ಪಟದಲ್ಲಿ 27 ಮಕ್ಕಳು. ಮುಖ್ಯಾಧ್ಯಾಪಕರು ಜತ್ತದಿಂದ ಬೈಕಿನಲ್ಲಿ ಬಂದು ಹೋಗುತ್ತಿದ್ದರು. ನಿವೃತ್ತಿ ಹತ್ತಿರ ಇತ್ತು, ಬೆನ್ನು ನೋವು ಬೇರೆ.

ವಸ್ತಿಗೆ ಹೋಗುತ್ತೇನೆ ಅಂದಾಗ ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದ್ದರು, "ಅಲ್ಲಿಗಾ? ಹುಷಾರ್ ಇರ್ರಿ, ಬಾಳ ಒರಟ ಮಂದಿ." ನನಗಿಂತ ಹಿಂದೆ ಇದ್ದ ಶಿಕ್ಷಕರೊಬ್ಬರ ಬೈಕಿನ ಟೈರ್ ಕೊಯ್ದಿದ್ದರಂತೆ. ಮೊದಲ ದಿನ ಶಾಲೆಗೆ ಬಂದರೆ ಕಟ್ಟೆ ಮೇಲೆ ಐದಾರು ಗಂಡಸರು ಇಸ್ಪೀಟ್ ಆಡುತ್ತಿದ್ದರು. ಯಾರೂ ಏಳಲಿಲ್ಲ. ಬೀಗದ ಕಿಂಡಿಗೆ ಹಸಿ ಮಣ್ಣು ತುರುಕಿದ್ದರು, ಪಿನ್ ಹಾಕಿ ಕೆದರಿ ತೆಗೆಯುವಷ್ಟರಲ್ಲಿ ಪ್ರಾರ್ಥನೆ ಹೊತ್ತು ಮೀರಿತು. ಒಳಗೆ ಮೂಲೆಯಲ್ಲಿ ಆಡಿನ ಹಿಕ್ಕೆ, ಕಿಟಕಿಯಲ್ಲಿ ಖಾಲಿ ಬಾಟಲಿ. ಮಕ್ಕಳ ಬಾಯಲ್ಲಿ ಬರುವ ಬೈಗುಳ ಕೇಳಿ ನನ್ನ ಕಿವಿ ಬಿಸಿಯಾಯಿತು. ಎರಡನೇ ಇಯತ್ತೆಯ, ಅಂದರೆ ಎರಡನೇ ತರಗತಿಯ, ಒಬ್ಬ ಹುಡುಗ ಇನ್ನೊಬ್ಬನ ಹಣೆಗೆ ಪಾಟಿಯಿಂದ ಹೊಡೆದು ರಕ್ತ ಬರಿಸಿದ, ಮಧ್ಯಾಹ್ನದ ಖಿಚಡಿ ಹೊತ್ತಿಗೆ ಇಬ್ಬರ ಅಪ್ಪಂದಿರೂ ಬಂದು ಅಂಗಳದಲ್ಲಿ ಕಾಲರ್ ಹಿಡಿದುಕೊಂಡರು.

ಇಸ್ಪೀಟ್ ಆಡುತ್ತಿದ್ದವರಲ್ಲಿ ಒಬ್ಬರು ಸಂಜೆ ನನ್ನನ್ನು ನೋಡಿ ಕೇಳಿದರು, "ಏನ್ರಿ ಅಕ್ಕೋರ, ನೀವೆಷ್ಟ ದಿನಾ?"

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅಂಗಡಿಯಲ್ಲಿ ಸಾಮಾನಿನ ದರ ಕೇಳಿದ ಹಾಗೆ ಕೇಳಿದರು. ನನಗೆ ಮೊದಲ ದಿನದ ಬೇರೆಲ್ಲದಕ್ಕಿಂತ ಅದೇ ಜಾಸ್ತಿ ನಾಟಿತು.

ವಸ್ತಿಯಲ್ಲೇ ಕೋಣೆ ಹಿಡಿದೆ. ಜತ್ತದಿಂದ ದಿನಾ ಓಡಾಡಲು 6,000ದಲ್ಲಿ ಪೆಟ್ರೋಲ್ ಸಾಲುವುದಿಲ್ಲ, ಅದು ಮೊದಲ ಕಾರಣ. ಒಬ್ಬ ಆಯಿ ತನ್ನ ಮನೆಯ ಪಡಸಾಲೆ ಪಕ್ಕದ ಕೋಣೆ ಕೊಟ್ಟರು. ಇಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ಬಾಡಿಗೆ ಎಷ್ಟು ಅಂದಾಗ, "ಕೊಡ್ರಿ ಏನರ, ಮೊದಲ ನಿಲ್ಲರಿ," ಅಂದರು. ಮಗ, ಸೊಸೆ, ಮೊಮ್ಮಗಳು, ತೊಟ್ಟಿಲಲ್ಲಿ ಒಂದು ಮೊಮ್ಮಗ, ಎಂಟು ಕುರಿ. ಮಾಡಗ್ಯಾಳದ ಕುರಿ ನೀವು ನೋಡಿದ್ದೀರಾ? ನಮ್ಮ ತಾಲೂಕಿನ ಹೆಸರು ಹೊರಗೆ ಯಾರಿಗಾದರೂ ಗೊತ್ತಿದ್ದರೆ ಆ ಕುರಿಯಿಂದಲೇ. ಕೆಂಪು ಬಿಳಿ ಮೈ, ಗಿಳಿ ಕೊಕ್ಕಿನ ಹಾಗೆ ಬಾಗಿದ ಮೂಗು. ಆಯಿ ಅವನ್ನು ಮೊಮ್ಮಕ್ಕಳಿಗಿಂತ ಮುದ್ದಾಗಿ ಮಾತಾಡಿಸುತ್ತಿದ್ದರು.

ಟ್ಯಾಂಕರ್ ಬಂದಾಗ ನಾನೂ ಕೊಡ ಹಿಡಿದು ಹೋಗಿ ನಿಂತೆ. ಹಾಗೆ ಹೋಗಬಾರದು, ಮಾಸ್ತರರಿಗೆ ಮಕ್ಕಳು ತಂದುಕೊಡುತ್ತಾರೆ ಅಂತ ಮುಖ್ಯಾಧ್ಯಾಪಕರು ಹೇಳಿದ್ದರು. ಮಕ್ಕಳ ಕೈಯಲ್ಲಿ ನೀರು ಹೊರಿಸಲು ನನ್ನಿಂದ ಆಗಲಿಲ್ಲ. ಪೈಪು ಯಾರ ಕೈಯಲ್ಲಿ ಅನ್ನುವುದರ ಮೇಲೆ ಜಗಳ, ಕೂದಲು ಹಿಡಿದು ಎಳೆದಾಟ, ಒಬ್ಬಾಕೆಯ ಹಿತ್ತಾಳೆ ಕೊಡ ಜಜ್ಜಿ ಹೋಯಿತು. ನನ್ನನ್ನು ಯಾರೂ ಮುಂದೆ ಬಿಡಲಿಲ್ಲ, ಯಾರೂ ಹಿಂದಕ್ಕೆ ದಬ್ಬಲೂ ಇಲ್ಲ. ಅರ್ಧ ಕೊಡ ಸಿಕ್ಕಿತು. ಆ ರಾತ್ರಿ ಜಗಳಾಡಿದ ಇಬ್ಬರೂ ಒಂದೇ ಕಟ್ಟೆ ಮೇಲೆ ಕೂತು ಒಬ್ಬರ ತಲೆ ಒಬ್ಬರು ಹೇನು ನೋಡುತ್ತಿದ್ದರು. ಒರಟು ಅಂತ ಹೊರಗಿನವರು ಹೇಳುವುದು ಇದನ್ನು. ನೀರು ಕಡಿಮೆ ಇದ್ದಲ್ಲಿ ದನಿ ಜೋರಾಗುತ್ತದೆ ಅಷ್ಟೇ. ನನ್ನ ತವರಿನಲ್ಲೂ ಬೇಸಿಗೆಯಲ್ಲಿ ಹಾಗೇ ಆಗುತ್ತಿತ್ತು.

ಬಂದು ಒಂದು ತಿಂಗಳು. ಮಕ್ಕಳು ನನ್ನನ್ನು ಸ್ವಲ್ಪ ಸೇರಿಸಿಕೊಂಡಿದ್ದರು, ಒಂದನೇ ಇಯತ್ತೆಯವರು ಅಕ್ಷರ ತಿದ್ದಲು ಹಿಡಿದಿದ್ದರು. ದಸರಾ ಬನ್ನಿ ಕೊಟ್ಟು ಕೈಮುಗಿದರು. ಅದಾಗಿ ಹತ್ತು ದಿನಕ್ಕೆ ಟ್ರ್ಯಾಕ್ಟರ್ ಬಂದು ನಿಂತವು.

ಗೊತ್ತಿಲ್ಲದವರಿಗೆ ಇದನ್ನು ಹೇಳಲೇಬೇಕು. ಇಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಜನರನ್ನು ಎಣಿಸುವುದೂ ಅದರ ಲೆಕ್ಕದಲ್ಲೇ, ಈ ಗ್ಯಾಂಗಿನಲ್ಲಿ ಹತ್ತು ಕೋಯ್ತಾ, ಆ ಗ್ಯಾಂಗಿನಲ್ಲಿ ಹನ್ನೆರಡು ಅಂತ. ಮಳೆಗಾಲದಲ್ಲೇ ಮುಕಾದಮ, ಅಂದರೆ ಗ್ಯಾಂಗಿನ ಗುತ್ತಿಗೆದಾರ, ಮುಂಗಡ ದುಡ್ಡು ಕೊಟ್ಟಿರುತ್ತಾನೆ, ಅದಕ್ಕೆ ಉಚಲ ಅನ್ನುತ್ತಾರೆ. ಮಗಳ ಮದುವೆ, ಬೋರ್‌ವೆಲ್, ಆಸ್ಪತ್ರೆ, ಹಳೇ ಸಾಲ, ಆ ದುಡ್ಡು ಬಂದ ದಿನವೇ ಖರ್ಚಾಗಿರುತ್ತದೆ. ಆಮೇಲೆ ಐದಾರು ತಿಂಗಳು ಕಡಿದ ಟನ್ನಿನ ಲೆಕ್ಕದಲ್ಲಿ ಅದು ಹರಿಯಬೇಕು. ಹರಿಯದಿದ್ದರೆ ಬಾಕಿ ಮುಂದಿನ ವರ್ಷದ ತಲೆ ಮೇಲೆ. ಕೆಲವರು ಕೊಲ್ಲಾಪುರದ ಕಡೆ ಹೋಗುತ್ತಾರೆ, ಕೆಲವರು ಗಡಿ ದಾಟಿ ಅಥಣಿ ಕಡೆ. ಕಬ್ಬಿನ ಹೊಲದ ಪಕ್ಕ ತಾಡಪಾಲಿನ ಖೋಪಿ, ಅಂದರೆ ಗುಡಿಸಲು, ನಸುಕಿನಲ್ಲಿ ಎದ್ದು ಕಡಿಯಬೇಕು, ರಾತ್ರಿ ಎಷ್ಟು ಹೊತ್ತಿಗೆ ಗಾಡಿ ಬಂದರೂ ಎದ್ದು ಹೇರಬೇಕು. ಮಕ್ಕಳು ಜೊತೆಗೆ. ದೊಡ್ಡದು ಸಣ್ಣದನ್ನು ಎತ್ತಿಕೊಳ್ಳಲು, ಸಣ್ಣದು ಖೋಪಿ ಕಾಯಲು.

ಮನೆ ಮನೆಗೆ ಹೋದೆ. ಮಕ್ಕಳನ್ನು ಬಿಟ್ಟು ಹೋಗಿ ಅಂದೆ. ಕಾಯ್ದೆ ಇದೆ, ಶಿಕ್ಷಣ ಹಕ್ಕು ಅಂತ ಹೇಳಿದೆ. ಒಬ್ಬ ತಾಯಿ ರೊಟ್ಟಿ ಬಡಿಯುತ್ತಾ ನನ್ನ ಮಾತೆಲ್ಲ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು, "ರಾತ್ರಿ ಜ್ವರಾ ಬಂದ್ರ ನಿಮ್ಮ ಕಾಯ್ದೆ ಎದ್ದು ನೀರ ಕೊಡ್ತೈತೇನ್ರಿ?"

ಆ ವರ್ಷ ಆರು ಮಕ್ಕಳು ಉಳಿದರು. ಮನೆಯಲ್ಲಿ ಗಟ್ಟಿ ಆಯಿ ಇದ್ದವರು ಮಾತ್ರ. ಅದರಲ್ಲಿ ನಮ್ಮ ಆಯಿಯ ಮೊಮ್ಮಗಳೂ ಒಬ್ಬಳು, ಮೂರನೇ ಇಯತ್ತೆ. 27 ಜನರ ಕೋಣೆಯಲ್ಲಿ ಆರು ಜನ. ಗೋಡೆಗೆ ಮಾತಾಡಿದ ಹಾಗೆ ಆಗುತ್ತಿತ್ತು. ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಾನೂ ಆಯಿಯ ಜೊತೆ ನಡೆದು ಹೋದೆ, ಕಾಯಿ ಒಡೆಸಿ ಏನು ಬೇಡಿಕೊಳ್ಳಬೇಕು ಅಂತ ತೋಚದೆ ಸುಮ್ನೆ ನಿಂತಿದ್ದೆ.

ಫೋನಿನ ರೂಢಿ ಶುರುವಾದದ್ದು ಆ ನವೆಂಬರ್‌ನಲ್ಲಿ. ಆಯಿಯ ಮೊಮ್ಮಗಳು ಒಂದು ರಾತ್ರಿ ಅಳುತ್ತಾ ಊಟ ಬಿಟ್ಟು ಮಲಗಿದಳು. ಅವರಪ್ಪನ ನಂಬರ್ ಹಾಕಿ ಕೊಟ್ಟೆ. ಆ ಕಡೆಯಿಂದ ಮೊದಲು ಕೇಳಿದ್ದು, "ಉಂಡಿ?" ಅವಳು ಅಳು ನುಂಗಿ "ಹೂಂ" ಅಂದಳು. ಸುಳ್ಳು ಹೇಳಿದ್ದಕ್ಕೆ ಫೋನ್ ಇಟ್ಟ ಮೇಲೆ ಎದ್ದು ಹೋಗಿ ಉಂಡಳು. ಮರುದಿನ ಉಳಿದ ಐವರೂ ಬಂದು ಬಾಗಿಲಲ್ಲಿ ನಿಂತರು. ಏಳೂವರೆ ಅಂತ ನಾನೇ ಹೊತ್ತು ಗೊತ್ತು ಮಾಡಿದೆ, ಆ ಹೊತ್ತಿಗೆ ಹೊಲದಲ್ಲಿ ಒಲೆ ಹಚ್ಚಿರುತ್ತಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಎಲ್ಲರ ಮಾತೂ ಒಂದೇ, ಉಂಡಿ? ಆಯಿ ಹ್ಯಾಂಗದಾಳ? ಕುರಿ ಈದೈತೇನ? ಸಾಲಿಗೆ ಹ್ವಾದಿ? ಆ ಕಡೆಯ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕು ಅಂತಲೇ ಮಕ್ಕಳು ಶಾಲೆ ತಪ್ಪಿಸುವುದು ನಿಂತಿತು. ಬರಬರುತ್ತಾ ಒಬ್ಬ ಹುಡುಗ ಆ ದಿನ ಓದಿದ ಪದ್ಯವನ್ನು ಫೋನಿನಲ್ಲೇ ಹೇಳಲು ಹಿಡಿದ. ಆ ಕಡೆ ಸ್ಪೀಕರ್ ಹಾಕಿ ಇಡೀ ಗ್ಯಾಂಗ್ ಕೇಳುತ್ತಿತ್ತಂತೆ. ಅದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಯುಗಾದಿಗೆ ಬರುತ್ತೇವೆ ಅಂದಿದ್ದರು. 2020ರ ಯುಗಾದಿ ಮಾರ್ಚ್ 25ಕ್ಕೆ. ಲಾಕ್‌ಡೌನ್ ಶುರುವಾದದ್ದೂ ಅದೇ ದಿನ.

ಶಾಲೆ ಅದಕ್ಕೂ ಮೊದಲೇ ಬಂದ್ ಆಗಿತ್ತು. ಅಕ್ಕಲಕೋಟೆಯಿಂದ ಅಣ್ಣ ಫೋನ್ ಮಾಡಿ, ಇವತ್ತೇ ಹೊರಡು, ನಾಳೆ ಗಾಡಿ ಸಿಗುವುದಿಲ್ಲ ಅಂದಿದ್ದ. ಬ್ಯಾಗ್ ತುಂಬಿಯೂ ಆಗಿತ್ತು. ಹೊರಗೆ ಬಂದರೆ ಕಟ್ಟೆ ಮೇಲೆ ಆರೂ ಮಕ್ಕಳು ಕೂತಿದ್ದರು. ಯಾರೂ ಏನೂ ಕೇಳಲಿಲ್ಲ. ಆಯಿಯ ಮೊಮ್ಮಗಳು ನನ್ನ ಬ್ಯಾಗ್ ನೋಡಿದಳು, ಆಮೇಲೆ ಗೋಡೆಗೆ ನೇತು ಹಾಕಿದ್ದ ಚಾರ್ಜರ್ ನೋಡಿದಳು. ಅದನ್ನು ನಾನು ಬ್ಯಾಗಿಗೆ ಹಾಕಿಕೊಂಡಿರಲಿಲ್ಲ. ವಾಪಸ್ ಒಳಗೆ ಹೋಗಿ ಬ್ಯಾಗ್ ಇಟ್ಟುಬಿಟ್ಟೆ.

ಆ ತಿಂಗಳು ಹೇಗೆ ಕಳೆಯಿತು ಅಂತ ಪೂರ್ತಿ ಬರೆಯಲು ಆಗುವುದಿಲ್ಲ. ಅಪ್ಪ ಅಮ್ಮ ಎಲ್ಲರೂ ಕಬ್ಬಿನ ಹೊಲದಲ್ಲಿ ಸಿಕ್ಕಿಬಿದ್ದರು. ಅಥಣಿ ಕಡೆ ಹೋದವರಿಗೆ ನಡುವೆ ರಾಜ್ಯದ ಗಡಿ, ನಾಕಾದಲ್ಲಿ ಪೊಲೀಸರು. ಅಲ್ಲಿಯ ಊರಿನವರು ಬಾವಿ ಹತ್ತಿರ ಬರಬೇಡಿ ಅಂದರಂತೆ. ಇಲ್ಲಿ ಮುದುಕರು, ಮಕ್ಕಳು. ನಮ್ಮ ಜನಕ್ಕೆ ದವಾಖಾನೆ ಅಂದರೆ ವಿಜಯಪುರ, ಆ ದಾರಿಯೂ ಮುಚ್ಚಿತು. ಬಿಪಿ ಗುಳಿಗೆ ಮುಗಿದವರ ಪಟ್ಟಿ ಮಾಡಿ, ಮರಾಠಿಯಲ್ಲಿ ಅರ್ಜಿ ಬರೆದು, ಹಾಲಿನ ಗಾಡಿಯವರ ಕೈಯಲ್ಲಿ ಜತ್ತಕ್ಕೆ ಕಳಿಸುತ್ತಿದ್ದೆ. ಶಾಲೆಯ ಖಿಚಡಿಯ ಅಕ್ಕಿ ಬೇಳೆ ಮನೆ ಮನೆಗೆ ತೂಗಿ ಹಂಚಿದೆವು. ಮತ್ತೆ ಏಳೂವರೆಯ ಫೋನು. ಈಗ ಆರು ಮಕ್ಕಳಷ್ಟೇ ಅಲ್ಲ, ಇಡೀ ವಸ್ತಿಯ ಮುದುಕ ಮುದುಕಿಯರು ಬರುತ್ತಿದ್ದರು. ಎರಡು ಗಂಟೆ ಹಿಡಿಯುತ್ತಿತ್ತು. ಫೋನ್ ಬಿಸಿಯಾಗಿ ಒದ್ದೆ ಬಟ್ಟೆ ಸುತ್ತಿದ್ದೂ ಇದೆ. ಕಿವಿ ಕೇಳದ ಒಬ್ಬ ಮುತ್ಯಾ ಫೋನನ್ನು ಕಿವಿಗೆ ಹಿಡಿಯದೆ ಎದೆಗೆ ಒತ್ತಿ ಹಿಡಿದು, ಮಗನ ಮಾತು ಮುಗಿಯುವ ತನಕ ಹಾಗೇ ನಿಂತಿರುತ್ತಿದ್ದ. ಆಮೇಲೆ ನನ್ನ ಕೈಗೆ ಕೊಟ್ಟು, "ಆರಾಮ ಅದಾನ," ಅನ್ನುತ್ತಿದ್ದ. ಏನೂ ಕೇಳಿಸಿರುತ್ತಿರಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ಮಹಾರಾಷ್ಟ್ರ ಸರಕಾರ ಕಬ್ಬಿನ ಕಾರ್ಮಿಕರನ್ನು ತಪಾಸಣೆ ಮಾಡಿ ಊರಿಗೆ ಕಳಿಸಲು ಒಪ್ಪಿತು. ಟ್ರ್ಯಾಕ್ಟರ್ ವಾಪಸ್ ಬಂದದ್ದು ಒಂದು ಮಧ್ಯಾಹ್ನ. ಎಲ್ಲರೂ ಶಾಲೆಯಲ್ಲೇ 14 ದಿನ ಇರಬೇಕು ಅಂತಾಯಿತು. ಅದೇ ಕಟ್ಟೆ, ಅದೇ ಎರಡು ಕೋಣೆ. ಮಕ್ಕಳು ಬೇಲಿ ಈಚೆ, ಅಪ್ಪ ಅಮ್ಮ ಆಚೆ. ನನಗೆ "ನೀವೆಷ್ಟ ದಿನಾ" ಅಂತ ಕೇಳಿದ್ದವರೂ ಅದರಲ್ಲಿದ್ದರು. ಮೂರನೇ ದಿನ ನೋಡಿದರೆ ಶಾಲೆಯ ಕಿಟಕಿಗಳ ಮುರಿದ ಬಾಗಿಲನ್ನು ಕಳಚಿ ಹೊಸ ತಿರುಪು ಹಾಕುತ್ತಿದ್ದರು. ಸುಮ್ನೆ ಕೂಡಲಿಕ್ಕೆ ಆಗುವುದಿಲ್ಲ ಅಂದರು. 14 ದಿನ ಮುಗಿಯುವ ಹೊತ್ತಿಗೆ ಶಾಲೆಗೆ ಸುಣ್ಣ ಆಗಿತ್ತು, ಸೋರುವ ತಗಡಿಗೆ ಡಾಂಬರು ಬಿದ್ದಿತ್ತು. ಇಸ್ಪೀಟ್ ಬೇವಿನ ಮರದ ಬುಡಕ್ಕೆ ಹೋಯಿತು. ಹೋಗಿ ಅಂತ ನಾನು ಒಂದು ಮಾತೂ ಹೇಳಿರಲಿಲ್ಲ.

ದಸರಾ ಆದ ಮೇಲೆ ಗ್ಯಾಂಗಿನ ಜೊತೆ ಹೋಗಿದ್ದ ಹುಡುಗಿಯೊಬ್ಬಳು ಆಗ ನನ್ನ ಮುಂದೆ ಬಂದು ಕೂತಳು. ಎರಡನೇ ಇಯತ್ತೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಕೋಯ್ತಾ ತಾಗಿದ ಗಾಯ, ಒಣಗಿ ಬೆಳ್ಳಗಾಗಿತ್ತು. ಪಾಟಿ ಕೊಟ್ಟು ಹೆಸರು ಬರೆ ಅಂದೆ. ಮೊದಲ ಅಕ್ಷರ ಬರೆದಳು, ಎರಡನೆಯದಕ್ಕೆ ಕಡ್ಡಿ ನಿಂತಿತು. ಬಹಳ ಹೊತ್ತು ನೋಡಿ, ಬರೆದ ಆ ಒಂದು ಅಕ್ಷರವನ್ನೂ ಅಂಗೈಯಿಂದ ಒರೆಸಿಬಿಟ್ಟಳು. ಅವಳ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ರೊಟ್ಟಿ ಬಡಿಯುತ್ತಾ ಕಾಯ್ದೆಯ ಬಗ್ಗೆ ಕೇಳಿದ್ದವಳು ಅವಳೇ. ಆ ಸಲ ಅವಳು ಏನೂ ಅನ್ನಲಿಲ್ಲ.

ಎರಡನೇ ವರ್ಷ ಕೊರೊನಾದಲ್ಲೇ ಹೋಯಿತು. ಮೂರನೇ ವರ್ಷ ದಸರಾಕ್ಕೆ ಮೊದಲೇ ಆಯಿಗಳ ಸಭೆ ಕರೆದೆ. ಅಪ್ಪಂದಿರನ್ನಲ್ಲ, ಆಯಿಗಳನ್ನು. ಬೇರೆ ಕಡೆ ಶಿಕ್ಷಕರಿಗೆ ನಾನು ಹೇಳುವುದು ಇದೊಂದೇ. ವಲಸೆ ಹೋಗುವ ಊರಿನಲ್ಲಿ ಮಗುವನ್ನು ಶಾಲೆಯಲ್ಲಿ ಉಳಿಸುವವರು ಮೇಷ್ಟ್ರು ಅಲ್ಲ, ಅಜ್ಜಿ. ಅಜ್ಜಿಗೆ ಒಲೆ ಹಚ್ಚಲು ಆಗುವುದಿಲ್ಲ, ಮಂಡಿ ನೋವು, ಅಷ್ಟಕ್ಕೇ ಎಷ್ಟೋ ಮಕ್ಕಳು ಟ್ರಾಲಿ ಹತ್ತುತ್ತಾರೆ. ನಮ್ಮ ರಾಜ್ಯದಲ್ಲಿ ಹಂಗಾಮಿ ವಸತಿಗೃಹ ಅಂತ ಒಂದು ಯೋಜನೆ ಇದೆ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಕಾಲದಲ್ಲಿ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಊಟ ಕೊಡುವುದು. ಅರ್ಜಿ ಹಾಕಿದೆವು. ಮಂಜೂರಾಗುವ ತನಕ ಆಯಿಗಳೇ ಸರದಿ ಹಾಕಿಕೊಂಡರು, ಇವತ್ತು ಈ ಮನೆಯ ಒಲೆ, ನಾಳೆ ಆ ಮನೆಯದು, ಎಲ್ಲ ಮಕ್ಕಳೂ ಅಲ್ಲೇ ಉಣ್ಣುವುದು. ಗ್ಯಾಂಗ್ ಹೊರಡುವ ಮೊದಲು ಒಂದೊಂದು ಮನೆಯವರು ಒಂದೊಂದು ಚೀಲ ಜೋಳ ತಂದು ಶಾಲೆಯಲ್ಲಿ ಇಟ್ಟರು. ಆ ವರ್ಷ 15 ಮಕ್ಕಳು ಉಳಿದರು. ರೊಟ್ಟಿಯ ತಾಯಿ ಮಗಳ ಕೈ ಹಿಡಿದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, "ರಾತ್ರಿ ನೀರ ಕೇಳ್ತಾಳ್ರಿ, ಬಾಜೂಕ ಇಡ್ರಿ," ಅಂದು ತಿರುಗಿ ನೋಡದೆ ಹೋದಳು.

ಆ ಹಂಗಾಮ ಮುಗಿದ ಮೇಲೆ ಲೆಕ್ಕದ ಪ್ರಸಂಗ. ಒಬ್ಬಾಕೆ ಪ್ಲಾಸ್ಟಿಕ್ ಕವರಿನಲ್ಲಿ ಕಾಟಾ ಚೀಟಿಗಳನ್ನು ಜೋಪಾನ ಮಾಡಿ ತಂದಿದ್ದಳು. ಗಾಡಿ ತೂಗಿದಾಗ ಸಿಗುವ ಚೀಟಿ, ಬೆವರಿಗೆ ಅಕ್ಷರ ಮಾಸಿದ್ದವು. ಎಲ್ಲ ಮರಾಠಿ. ಮುಕಾದಮನ ವಹಿಯಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಎಷ್ಟು ಬರೆದಿದೆಯೋ ಅದಕ್ಕೆ ಹೆಬ್ಬೆಟ್ಟು ಒತ್ತುವುದೇ ಈ ತನಕ ನಡೆದು ಬಂದದ್ದು. "ಓದಿ ಹೇಳ್ರಿ," ಅಂದಳು. ನಾನು ಓದಲಿಲ್ಲ. ಅವಳ ಮಗ ನಾಲ್ಕನೇ ಇಯತ್ತೆಯಲ್ಲಿದ್ದ, ಅವನಿಗೆ ಕೊಟ್ಟೆ. ಕನ್ನಡ ಶಾಲೆಯಾದರೂ ಮರಾಠಿ ಒಂದು ವಿಷಯವಾಗಿ ಕಲಿಸುತ್ತೇವೆ, ಅಂಕಿ ಅವನಿಗೆ ಸಲೀಸು. ನಾಲ್ಕು ಮಕ್ಕಳು ಸುತ್ತ ಕೂತು, ತಾರೀಖಿನ ಪ್ರಕಾರ ಚೀಟಿ ಜೋಡಿಸಿ, ಒಬ್ಬ ಓದುವುದು, ಒಬ್ಬ ಬರೆಯುವುದು, ಇಬ್ಬರು ಕೂಡಿಸುವುದು. ದಶಕ ಮೇಲೆ ತೆಗೆದುಕೊಂಡು ಕೂಡಿಸುವ ಲೆಕ್ಕ ಆ ಒಂದು ಸಂಜೆಯಲ್ಲಿ ಅವರಿಗೆ ಗಟ್ಟಿಯಾದಷ್ಟು ಇಡೀ ವರ್ಷದಲ್ಲಿ ಆಗಿರಲಿಲ್ಲ. ವಹಿಯ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ಎರಡು ಖೇಪು, ಅಂದರೆ ಎರಡು ಸಲ ಹೇರಿದ ಗಾಡಿಯಷ್ಟು, ಫರಕು ಬಂತು.

ನನಗೆ ನಿಜವಾಗಿ ಭಯವಾಯಿತು. ಆಕೆ ಭಯಪಡಲಿಲ್ಲ. ಮಗನನ್ನೇ ಕರೆದುಕೊಂಡು ಹೋಗಿ ಮುಕಾದಮನ ಅಂಗಳದಲ್ಲಿ ನಿಂತು ಓದಿಸಿದಳು. ಹತ್ತು ವರ್ಷದ ಹುಡುಗ ಒಂದೊಂದೇ ತಾರೀಖು ಓದುತ್ತಾ ಹೋದ, ಗ್ಯಾಂಗಿನವರೆಲ್ಲ ಸುತ್ತ ನಿಂತಿದ್ದರು. ಮುಕಾದಮ ವಹಿ ತಂದು ನೋಡಿ, "ಬರೀದ ಬಿಟ್ಟೈತಿ," ಅಂತ ಎರಡು ಸಾಲು ಸೇರಿಸಿದ. ಮರುದಿನ ಶಾಲೆ ಹತ್ತಿರ ನನ್ನನ್ನು ಕಂಡು ಹೇಳಿದ, "ಲೆಕ್ಕಾ ಕಲಿಸ್ರಿ ಅಕ್ಕೋರ. ನಮ್ಮ ಮ್ಯಾಲ ಲೆಕ್ಕಾ ತಗಿಯಾಕ ಕಲಿಸಬ್ಯಾಡ್ರಿ." ಅಂದಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ, ಈಗಲೂ ಅಷ್ಟಕ್ಕಷ್ಟೇ. ಆದರೆ ವಹಿಯನ್ನು ಪ್ರತಿ ಅಮಾವಾಸ್ಯೆಗೆ ಎಲ್ಲರ ಮುಂದೆ ಓದುವ ರೂಢಿ ಬಂತು, ಅದು ಮುಂದುವರಿದಿದೆ. ಹೆಣ್ಣುಮಕ್ಕಳು ಸಂಜೆ ಶಾಲೆಗೆ ಬಂದು ಸಹಿ ಕಲಿಯಲು ಕೂತದ್ದೂ ಆಮೇಲೆಯೇ. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುವಾಗ ಒಂಥರಾ ನಾಚಿಕೆ ಆಗುತ್ತಿತ್ತಂತೆ ಅವರಿಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರಾಠಿ ಬೇಕೇ ಬೇಕು, ಚೀಟಿ, ವಹಿ, ಸಾತ್‌ಬಾರಾ ಅನ್ನುವ ಹೊಲದ ಪಹಣಿ, ಎಲ್ಲ ಅದರಲ್ಲೇ ಇದೆ. ಆದರೆ ಈ ಮಕ್ಕಳಿಗೆ ಅದು ಹತ್ತಿದ್ದು ಕನ್ನಡದ ಮೆಟ್ಟಿಲಿನಿಂದ. ಆರು ವರ್ಷದ ಮಗು ಮನೆಯಲ್ಲಿ ಆಡುವ ಮಾತನ್ನೇ ಮೊದಲು ಪಾಟಿ ಮೇಲೆ ಕಾಣಬೇಕು. ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೂ ಪಠ್ಯಪುಸ್ತಕ ಬರುತ್ತದೆ, ಒಳ್ಳೆಯ ಪುಸ್ತಕ. ಅದರಲ್ಲಿ "ಹೋಗುತ್ತಾನೆ" ಅಂತ ಇದ್ದರೆ ನಾನು ಮೊದಲು "ಹೊಕ್ಕಾನ" ಅಂತ ಬರೆದು, ಅದರ ಪಕ್ಕ ಪುಸ್ತಕದ ಮಾತು ಬರೆಯುತ್ತೇನೆ. ತಮ್ಮ ಮಾತು ಕರಿಹಲಗೆ ಮೇಲೆ ಕಂಡರೆ ಮಕ್ಕಳು ಕಿಸಕ್ಕನೆ ನಗುತ್ತಾರೆ, ನಕ್ಕ ಮೇಲೆ ಮರೆಯುವುದಿಲ್ಲ. ಕನ್ನಡ ಓದಲು ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದರೆ ಈ ಮೆಟ್ಟಿಲೇ ಇಲ್ಲವಾಗುತ್ತದೆ ಅಲ್ವಾ? ಗಡಿಯಲ್ಲಿ ಇದಕ್ಕಿಂತ ದೊಡ್ಡ ಚಿಂತೆ ನನಗಿಲ್ಲ.

ಈಗ ಆ ಇಬ್ಬರ ವಿಷಯ.

ನಮ್ಮ ಆಯಿ ಈ ಶ್ರಾವಣದಲ್ಲಿ ಹೋಗಿಬಿಟ್ಟರು. ಮಧ್ಯಾಹ್ನ ಕುರಿಗೆ ನೀರಿಟ್ಟು ಬಂದು ಮಲಗಿದವರು ಏಳಲಿಲ್ಲ. ಸುಮಾರು ಆರು ವರ್ಷ ಒಂದೇ ಸೂರಿನ ಕೆಳಗೆ ಇದ್ದೆ, ನನ್ನ ಮದುವೆ ಮಾತುಕತೆಯಲ್ಲೂ ಕೂತು ಬೇಡ ಅಂದಿದ್ದವರು ಅವರೇ. ಮೊಮ್ಮಗಳು ಈಗ ಒಂಬತ್ತನೇ ಇಯತ್ತೆ, ಪಕ್ಕದ ಊರಿನ ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುತ್ತಿದ್ದಳು. ಅಂದು ತೊಟ್ಟಿಲಲ್ಲಿದ್ದ ತಮ್ಮ ಈಗ ನನ್ನ ಹತ್ತಿರ ಎರಡನೇ ಇಯತ್ತೆ. ಆಯಿ ಇಲ್ಲದ ಮನೆಯಲ್ಲಿ ಇಬ್ಬರನ್ನೇ ಹೇಗೆ ಬಿಡುವುದು ಅಂತ ಅವರಮ್ಮ ಹತ್ತು ದಿನದಿಂದ ನಿದ್ದೆ ಮಾಡಿರಲಿಲ್ಲ. ನಾನಿದ್ದೇನಲ್ಲ, ಇದೇ ಮನೆಯಲ್ಲಿ ಇದ್ದೇನಲ್ಲ ಅಂದೆ.

"ನೀವ ಇರೂದ ನನಗ ಗೊತ್ತಿಲ್ಲೇನ್ರಿ ಅಕ್ಕೋರ," ಅಂದಳು. "ನಾಳೆ ನಿಮ್ಮ ಬದಲಿ ಆರ್ಡರ್ ಬಂದ್ರ?"

ಬದಲಿ ಯಾದಿಯಲ್ಲಿ, ಅಂದರೆ ವರ್ಗಾವಣೆಯ ಪಟ್ಟಿಯಲ್ಲಿ, ಈ ಸಲ ನನ್ನ ಹೆಸರಿದೆ. ವಸ್ತಿಗೆಲ್ಲ ಗೊತ್ತು. ಬರಲಿಕ್ಕಿಲ್ಲ ಅಂತ ಹೇಳಬಹುದಿತ್ತು. ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಮಕ್ಕಳಿಬ್ಬರ ಪುಸ್ತಕ, ವಹಿ, ಎರಡು ಪೆನ್ನಿನ ಡಬ್ಬಿ, ಹುಡುಗಿಯ ಗಣಿತದ ಗೈಡು ಎಲ್ಲ ಒಂದು ಗೊಬ್ಬರದ ಚೀಲಕ್ಕೆ ಹಾಕಿ, ಮಳೆ ತಾಗದ ಹಾಗೆ ಬಾಯಿ ಹೊಲಿದು ಕೊಟ್ಟೆ. ಹುಡುಗಿ ಅದರ ಮೇಲೇ ಕೂತುಕೊಂಡಳು. ತಮ್ಮ ಟ್ರಾಲಿಯಿಂದ ನನ್ನ ಕಡೆ ಕೈ ಬೀಸಲಿಲ್ಲ, ಕುರಿಗಳ ಕಡೆ ಬೀಸಿದ.

ರಾತ್ರಿ ಏಳೂವರೆಗೆ ಎಂದಿನ ಹಾಗೆ ಕಟ್ಟೆ ಮೇಲೆ ಸಾಲು. 23 ಮಕ್ಕಳು. ಈಗ ಮೂರು ಫೋನಿವೆ, ಇಬ್ಬರು ಹೊಸ ತಲೆಮಾರಿನ ಹುಡುಗರೂ ತಮ್ಮದು ಕೊಡುತ್ತಾರೆ. ಉಂಡಿ, ಮುಟ್ಟಿದ್ರಿ, ಖೋಪಿ ಹಾಕಿದ್ರಿ, ಅದೇ ಮಾತು. ಎಲ್ಲರದೂ ಮುಗಿದು ಒಳಗೆ ಬಂದು ದೀಪ ಆರಿಸುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಹಿಂದೆ ಟ್ರ್ಯಾಕ್ಟರ್ ಸದ್ದು, ಯಾರೋ ತಾಡಪಾಲಿನ ಹಗ್ಗ ಎಳಿ ಅಂತ ಕೂಗುತ್ತಿದ್ದರು.

"ಅಕ್ಕೋರ, ಉಂಡ್ರಿ?" ಅಂದಳು ಹುಡುಗಿ. ನಾನು ಹೂಂ ಅಂದೆ. "ತಮ್ಮಗ ಇವತ್ತಿನ ಪಾಠ ಎಷ್ಟನೇದ್ರಿ? ಲೈಟ್ ಐತಿ ಇಲ್ಲಿ, ಓದಸ್ತೀನಿ."

ಎದ್ದು ಹೋಗಿ ಪುಸ್ತಕ ತಂದು, ಪುಟದ ನಂಬರ್ ಹೇಳಿದೆ.